ಊರ ಹೆಸರು, ಮನೆಯ ಹೆಸರು: ಮೊರಬದಲ್ಲೊಂದು ವಿಚಾರ

ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನಲ್ಲಿ ಮೊರಬ ಎಂಬುದೊಂದು ದೊಡ್ಡ ಊರು, ಹೋಬಳಿಯ ಮುಖ್ಯಸ್ಥಳ. ಸುತ್ತಲೂ ಕಣ್ಣು ಹಾಯುವವರೆಗೆ ಎರೆಭೂಮಿ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ; ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋಧಿ, ಕುಸುಬಿ. ಮಳೆಗಾಲದಲ್ಲಿ ಕಾಲಿಗೆ ಅಂಟಿಕೊಂಡು ಬಿಡದ ಈ ಮಣ್ಣು ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಮಳೆ ನಂಬಿ ಬಾಳಿದ ಸೀಮೆಯಿದು. ಮಳೆ ಬಂದ ವರ್ಷ ಹಗೇವು ತುಂಬುವಷ್ಟು ಜೋಳ, ಬಾರದ ವರ್ಷ ಊರಿಗೆ ಊರೇ ಗಂಟು ಕಟ್ಟುವ ಸ್ಥಿತಿ. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಹೇಳಲಿರುವ ವಿಚಾರಕ್ಕೆ ಅದೇ ಬೀಗದಕೈ.

ಧಾರವಾಡ, ಹುಬ್ಬಳ್ಳಿಗಳ ಕಡೆ 'ಮೊರಬ' ಎಂದೋ 'ಮೊರಬದ' ಎಂದೋ ಅಡ್ಡಹೆಸರುಳ್ಳ ಮನೆತನಗಳಿವೆ. ಶಾಲೆಯ ಹಾಜರಿ ಪುಸ್ತಕದಲ್ಲಿ, ಅಂಗಡಿಯ ಫಲಕದಲ್ಲಿ, ಮದುವೆಯ ಕರೆಯೋಲೆಯಲ್ಲಿ ಈ ಹೆಸರನ್ನು ಕಂಡವರಿಗೆ ಒಂದು ಭಾವನೆ ಸಹಜವಾಗಿ ಮೂಡುತ್ತದೆ: ಮೊರಬಕ್ಕೆ ಹೋದರೆ ಈ ಹೆಸರಿನವರೇ ತುಂಬಿರಬೇಕು! ಕಳೆದ ಮಾಘಮಾಸದಲ್ಲಿ ಆ ಊರಿನ ಒಂದು ಮನೆಯ ಪಡಸಾಲೆಯಲ್ಲಿ ಕುಳಿತು ಈ ಮಾತನ್ನು ಕೇಳಿದಾಗ ಎಂಬತ್ತು ದಾಟಿದ ಹಿರಿಯರೊಬ್ಬರು ನಕ್ಕು, "ನಾವು ಇಲ್ಲೇ ಇದ್ದವರ್ರೀ ಶಾಸ್ತ್ರಿಗಳ, ನಮಗ ಊರ ಹೆಸರು ಯಾಕ ಬೇಕು? ಊರು ಬಿಟ್ಟು ಹೋದವರಿಗೆ ಅದು ಬೇಕು" ಎಂದರು.

ನಾಮವಿಜ್ಞಾನದ ಒಂದು ಮೂಲಸೂತ್ರವನ್ನೇ ಆ ಹಿರಿಯರು ಎರಡು ಮಾತಿನಲ್ಲಿ ಹೇಳಿಬಿಟ್ಟಿದ್ದರು. ಹೆಸರು ಹುಟ್ಟುವುದು ಗುರುತಿಸುವುದಕ್ಕಾಗಿ. ಮೊರಬದಲ್ಲಿರುವವರೆಲ್ಲರೂ ಮೊರಬದವರೇ ಆಗಿರುವುದರಿಂದ ಆ ಮಾತು ಅಲ್ಲಿ ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಆ ಊರಿನ ಒಂದು ಕುಟುಂಬ ಗಂಟುಮೂಟೆ ಕಟ್ಟಿ ಬೇರೆ ಊರಿನ ಓಣಿಯೊಂದರಲ್ಲಿ ಇಳಿದಾಗ, ಅಲ್ಲಿಯ ಜನ "ಮೊರಬದ ಬಸಪ್ಪ", "ಮೊರಬದವರ ಮನಿ" ಎಂದು ಕರೆಯತೊಡಗುತ್ತಾರೆ. ಮಗನ ಕಾಲಕ್ಕೆ ಅದು ರೂಢಿಯಾಗುತ್ತದೆ, ಮೊಮ್ಮಗನ ಕಾಲಕ್ಕೆ ಶಾಲೆಯ ದಾಖಲೆ ಸೇರುತ್ತದೆ. ಆದ್ದರಿಂದ ಊರಿನಿಂದ ಬಂದ ಅಡ್ಡಹೆಸರು ನಾವು ನೆಲೆಸಿದ ಊರನ್ನು ಹೇಳುವುದಿಲ್ಲ. ನಮ್ಮ ಹಿರಿಯರು ಬಿಟ್ಟುಬಂದ ಊರನ್ನು ಹೇಳುತ್ತದೆ. ಅದು ಅವರು ತಾವೇ ಆರಿಸಿಕೊಂಡ ಹೆಸರಲ್ಲ, ಆಶ್ರಯ ಕೊಟ್ಟ ಊರಿನವರು ಇಟ್ಟ ಹೆಸರು.

ಯಾಕೆ ಬಿಟ್ಟುಬಂದರು ಎಂಬ ಪ್ರಶ್ನೆಗೆ ಈ ಸೀಮೆಯ ಚರಿತ್ರೆಯೇ ಉತ್ತರ ಕೊಡುತ್ತದೆ. 1876ರಿಂದ 1878ರವರೆಗಿನ ಧಾತು ಸಂವತ್ಸರದ ಬರ ಧಾರವಾಡ ಜಿಲ್ಲೆಯನ್ನು ಸುಟ್ಟಿತು. ದನಗಳಿಗೆ ಮೇವಿಲ್ಲ, ಜನಕ್ಕೆ ಕಾಳಿಲ್ಲ. ಅದಾದ ಕೆಲವೇ ವರ್ಷಗಳಲ್ಲಿ, 1880ರ ದಶಕದಲ್ಲಿ, ಹುಬ್ಬಳ್ಳಿಗೆ ರೈಲು ಬಂದಿತು. ರೈಲ್ವೆ ಕಾರ್ಖಾನೆ, ಹತ್ತಿಯ ಪೇಟೆ, ಅರಳೆ ಹಿಂಜುವ ಗಿರಣಿಗಳು ಕೂಲಿ ಕೊಟ್ಟವು. ಅತ್ತ ಬರ ತಳ್ಳಿತು, ಇತ್ತ ಪೇಟೆ ಸೆಳೆಯಿತು. ಮುಂದೆ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಧಾರವಾಡಕ್ಕೆ, ನೌಕರಿಗಾಗಿ ಮುಂಬಯಿ-ಪುಣೆಗಳಿಗೆ, ಇತ್ತೀಚೆಗೆ ಬೆಂಗಳೂರಿಗೆ ಮತ್ತು ಸಮುದ್ರದಾಚೆಗೆ ಹೊರಟ ಮನೆಗಳೂ ಅದೇ ದಾರಿಯ ಮುಂದುವರಿಕೆ.

ಉತ್ತರ ಕರ್ನಾಟಕದ ಕೀರ್ತಿವಂತರ ಹೆಸರುಗಳನ್ನು ಈ ದೃಷ್ಟಿಯಿಂದ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಸಂಗೀತವಿದುಷಿ ಗಂಗೂಬಾಯಿ ಹಾನಗಲ್ (1913–2009) ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹೆಸರು ಮಾತ್ರ ಹಾನಗಲ್ಲಿನದು. ಸಂಶೋಧಕ ಡಾ. ಎಂ.ಎಂ. ಕಲಬುರ್ಗಿ (1938–2015) ಹುಟ್ಟಿದ್ದು ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ, ದುಡಿದದ್ದು ಧಾರವಾಡದಲ್ಲಿ, ಅಡ್ಡಹೆಸರು ಕಲಬುರ್ಗಿ. ಹೆಸರುಗಳ ಅಧ್ಯಯನವನ್ನು ಕನ್ನಡದಲ್ಲಿ ಶಾಸ್ತ್ರವಾಗಿ ಬೆಳೆಸಿದ ವಿದ್ವಾಂಸರ ಹೆಸರೇ ಈ ಶಾಸ್ತ್ರಕ್ಕೊಂದು ಉದಾಹರಣೆಯಾಗಿರುವುದು ಗಮನಾರ್ಹ. ಮಲ್ಲಿಕಾರ್ಜುನ ಮನ್ಸೂರರು (1910–1992) ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿ ಆ ಊರಿನ ಹೆಸರನ್ನು ಹಿಂದೂಸ್ತಾನದ ಮೂಲೆಮೂಲೆಗೂ ಒಯ್ದರು. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು (1886–1952) ನಮ್ಮ ನೆರೆಯ ಕುಂದಗೋಳದವರು. ಮರಾಠಿ ರಂಗಭೂಮಿಯ ಸಂಪರ್ಕದಿಂದ 'ಕುಂದಗೋಳಕರ' ಎನಿಸಿದರು. ಕನ್ನಡದ 'ದ' ಎಂಬ ಷಷ್ಠಿಯ ಪ್ರತ್ಯಯವೂ ಮರಾಠಿಯ 'ಕರ' ಎಂಬ ಪ್ರತ್ಯಯವೂ ಮಾಡುವ ಕೆಲಸ ಒಂದೇ. ನೆಲ ಬದಲಾದಂತೆ ಬಾಲ ಬದಲಾಗಿದೆ.

ಹಳೆಯ ಮೈಸೂರಿನಲ್ಲಿ ಊರಿನ ಹೆಸರು ಮುಂದೆ ಬರುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ವ್ಯಕ್ತಿ. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ನಮ್ಮ ಭಾಗದಲ್ಲಿ ಕ್ರಮ ತಿರುಗುಮುರುಗು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲು ವ್ಯಕ್ತಿ, ಆಮೇಲೆ ತಂದೆ, ಕೊನೆಗೆ ಮನೆತನ. ಈ ಭೇದ ತಿಳಿಯದ ಕಚೇರಿಗಳಲ್ಲಿ ನಮ್ಮ ಮಕ್ಕಳನ್ನು ಅವರ ಅಜ್ಜನ ಊರಿನ ಹೆಸರಿನಿಂದಲೇ ಕೂಗುವುದುಂಟು.

ಹಾಗಾದರೆ ಊರು ಬಿಡದವರ ಮನೆಗಳಿಗೆ ಹೆಸರಿಲ್ಲವೆ? ಉಂಟು. ಮೊರಬದಂಥ ಊರಿನ ಓಣಿಗಳಲ್ಲಿ ತಿರುಗಾಡಿದರೆ ಅವುಗಳ ಬಗೆಗಳು ತಾವಾಗಿಯೇ ಕಾಣಿಸುತ್ತವೆ. ಕಸುಬಿನಿಂದ ಬಂದವು ಮೊದಲನೆಯವು: ಕಮ್ಮಾರ, ಬಡಿಗೇರ, ಪತ್ತಾರ, ಕುಂಬಾರ, ಗಾಣಿಗೇರ, ಮಡಿವಾಳರ, ಹಡಪದ. ಮಾರುವ, ಬೆಳೆಯುವ ವಸ್ತುವಿನಿಂದ ಬಂದವು ಎರಡನೆಯವು: ಬೆಲ್ಲದ, ಅಕ್ಕಿ, ಉಪ್ಪಿನ, ಜವಳಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ಅಂಗಡಿ. ಊರಿನ ಆಡಳಿತದಿಂದ ಬಂದವು ಮೂರನೆಯವು: ಗೌಡರ, ಪಾಟೀಲ, ಕುಲಕರ್ಣಿ, ದೇಸಾಯಿ, ತಳವಾರ. ಮಠದಿಂದ ಬಂದವು ನಾಲ್ಕನೆಯವು: ಹಿರೇಮಠ, ಚಿಕ್ಕಮಠ, ಸಾಲಿಮಠ, ಮಠಪತಿ, ಪೂಜಾರ. ಮೂಲಪುರುಷನಿಂದ ಬಂದವು ಐದನೆಯವು: ಸಿದ್ದಪ್ಪನವರ, ನಿಂಗಪ್ಪನವರ, ಹನಮಂತಗೌಡರ. ಈ ಕೊನೆಯ ಬಗೆಯಲ್ಲಿ 'ದ್ಯಾಮವ್ವನವರ' ಎಂಬಂಥ ಹೆಸರೂ ಕಾಣುತ್ತದೆ. ತಾಯಿಯ ಅಥವಾ ಗ್ರಾಮದೇವಿಯ ಹೆಸರನ್ನು ಗಂಡುಮಕ್ಕಳು ತಲೆತಲಾಂತರ ಹೊತ್ತು ನಡೆದಿದ್ದಾರೆ.

ಈ ಬಗೆಗಳೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತದ್ದನ್ನು ನೋಡಬೇಕಾದರೆ ನಮ್ಮ ಸಮಾಜದ ಶಿಕ್ಷಣ ಚರಿತ್ರೆಯ ಒಂದು ಪುಟವನ್ನು ತೆರೆದರೆ ಸಾಕು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಅಡಿಗಲ್ಲಿಟ್ಟ ಏಳು ಜನರನ್ನು ಸಪ್ತರ್ಷಿಗಳೆಂದು ಕರೆಯುವ ರೂಢಿಯಿದೆ. ಬಸವನಾಳ, ಮಮದಾಪುರ, ಹಂಚಿನಾಳ, ಚಿಕ್ಕೋಡಿ ಎಂಬ ನಾಲ್ಕು ಹೆಸರುಗಳು ಊರಿನವು. ಸಾಖರೆ ಎಂಬುದು ವಸ್ತುವಿನದು. ಮರಾಠಿಯಲ್ಲಿ ಸಾಖರ ಎಂದರೆ ಸಕ್ಕರೆ. ಕಟ್ಟೀಮನಿ ಎಂಬುದು ಕಟ್ಟೆಯೂ ಮನೆಯೂ ಕೂಡಿದ ಹೆಸರು. ಪಾಟೀಲ ಎಂಬುದು ಅಧಿಕಾರದ್ದು. ಊರು, ಸರಕು, ಮನೆ, ಹುದ್ದೆ ಇವೆಲ್ಲ ಸೇರಿ ಕಟ್ಟಿದ ವಿದ್ಯಾಸಂಸ್ಥೆಯಲ್ಲಿ ಯಾರ ಅಡ್ಡಹೆಸರು ಮೇಲು, ಯಾರದು ಕೀಳು ಎಂಬ ಪ್ರಶ್ನೆ ಏಳಲಿಲ್ಲ.

ಇನ್ನು ಕೆಲವು ಹೆಸರುಗಳು ತಮ್ಮ ವಯಸ್ಸನ್ನು ತಾವೇ ಹೇಳುತ್ತವೆ. ಮೆಣಸಿನಕಾಯಿ ಎಂಬ ಮನೆತನದ ಹೆಸರನ್ನು ಕೇಳಿ ಬೇರೆ ಸೀಮೆಯವರು ನಗುವುದುಂಟು. ಅದನ್ನು ಚರಿತ್ರೆಯ ಕಣ್ಣಿನಿಂದ ನೋಡಬೇಕು. ಮೆಣಸಿನಕಾಯಿ ನಮ್ಮ ನೆಲದ ಮೂಲ ಬೆಳೆಯಲ್ಲ. ಅಮೆರಿಕ ಖಂಡದ ಆ ಗಿಡವನ್ನು ಪೋರ್ತುಗೀಜರು ಹದಿನಾರನೆಯ ಶತಮಾನದಲ್ಲಿ ಗೋವೆಯ ಕಡೆಯಿಂದ ತಂದರು. ಅದಕ್ಕೂ ಮೊದಲು ನಮ್ಮವರ ಖಾರವೆಂದರೆ ಕರಿಮೆಣಸು. ಆದ್ದರಿಂದ ಮೆಣಸಿನಕಾಯಿ ಎಂಬ ಅಡ್ಡಹೆಸರು ಸುಮಾರು ಐದುನೂರು ವರ್ಷಗಳಿಗಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೊಸ ಬೆಳೆಯೊಂದನ್ನು ಎರೆಹೊಲದಲ್ಲಿ ಬೆಳೆದು, ಪೇಟೆಗೆ ಒಯ್ದು, ಅದರಿಂದಲೇ ಹೆಸರಾದ ಸಾಹಸಿಗಳು ಆ ಮನೆಯ ಹಿರಿಯರು. ನಗುವವರಿಗೆ ಮಕ್ಕಳು ಇಷ್ಟನ್ನು ಹೇಳಿದರೆ ಸಾಕು.

ಅಧಿಕಾರದಿಂದ ಬಂದ ಹೆಸರುಗಳ ಕಥೆ ಬೇರೆ. ಕುಲಕರ್ಣಿ ಎಂಬುದರಲ್ಲಿರುವ ಮಾತು ಜಾತಿಯನ್ನು ಹೇಳುವ ಕುಲವಲ್ಲ. ಕಂದಾಯ ಕೊಡುವ ಒಕ್ಕಲನ್ನು ಹೇಳುವ 'ಕುಳ'. ಕುಳಗಳ ಲೆಕ್ಕ ಬರೆಯುವ ಕರಣಿಕನೇ ಕುಳಕರಣಿ. ಪಾಟೀಲ ಎಂಬುದು ಶಾಸನಗಳಲ್ಲಿ ಬರುವ ಪಟ್ಟಕೀಲ ಎಂಬ ಗ್ರಾಮಾಧಿಕಾರಿಯ ಮಾತಿನಿಂದ ಇಳಿದು ಬಂದದ್ದು. ಈ ಹುದ್ದೆಗಳನ್ನು ಲಿಂಗಾಯತರು, ಬ್ರಾಹ್ಮಣರು, ಜೈನರು, ಮರಾಠರು, ಮುಸಲ್ಮಾನರು ಬೇರೆಬೇರೆ ಊರುಗಳಲ್ಲಿ ನಿರ್ವಹಿಸಿದ್ದರಿಂದ ಪಾಟೀಲ, ದೇಸಾಯಿ ಎಂಬ ಹೆಸರುಗಳು ಎಲ್ಲ ಸಮುದಾಯಗಳಲ್ಲಿಯೂ ಹರಡಿವೆ. ಊರಿನ ಹೆಸರುಗಳೂ ಹಾಗೆಯೇ. ಹುಬ್ಬಳ್ಳಿ, ಸವಣೂರ, ನವಲಗುಂದ ಎಂಬ ಅಡ್ಡಹೆಸರುಗಳಿಗೆ ಜಾತಿಯ ಬೇಲಿಯಿಲ್ಲ. ಅಡ್ಡಹೆಸರು ಕೇಳಿ ಜಾತಿ ಗೊತ್ತಾಯಿತೆಂದು ತಲೆಯಾಡಿಸುವವರು ಎಷ್ಟೋ ಸಲ ಏನನ್ನೂ ತಿಳಿದಿರುವುದಿಲ್ಲ.

ಮುಂಬಯಿ ಸರಕಾರದ 1950ರ ಕಾಯಿದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ಕೊನೆಗೊಳಿಸಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಉಳಿದ ವಂಶಪಾರಂಪರ್ಯದ ಹುದ್ದೆಗಳನ್ನೂ ತೆಗೆದುಹಾಕಿತು. ಹುದ್ದೆ ಹೋಯಿತು, ವತನ ಹೋಯಿತು, ಹೆಸರು ಉಳಿಯಿತು. ಇಂದು ಪಾಟೀಲ ಎಂಬವರು ಶಾಲೆಯ ಗುರುಗಳಿರಬಹುದು, ದೇಸಾಯಿ ಎಂಬವರು ಬ್ಯಾಂಕಿನಲ್ಲಿ ಗುಮಾಸ್ತರಿರಬಹುದು. ಹೆಸರಿನಲ್ಲಿರುವ ಅಧಿಕಾರ ಈಗ ಬರೀ ನೆನಪು. ಹುದ್ದೆ ಹೆಸರಾಗುವ ಈ ರೂಢಿ ಆಂಗ್ಲರ ಕಾಲದಲ್ಲಿಯೂ ನಿಲ್ಲಲಿಲ್ಲ. ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳ ಏಳಿಗೆಗಾಗಿ ದುಡಿದು 1881ರಲ್ಲಿ ಲಿಂಗೈಕ್ಯರಾದ ಚೆನ್ನಬಸಪ್ಪನವರು ಶಿಕ್ಷಣ ಇಲಾಖೆಯಲ್ಲಿ ವಹಿಸಿದ್ದ ಹುದ್ದೆಯಿಂದಾಗಿ 'ಡೆಪ್ಯುಟಿ ಚೆನ್ನಬಸಪ್ಪ' ಎಂದೇ ಜನಮನದಲ್ಲಿ ನಿಂತರು.

ದತ್ತಕದಿಂದ ಹೆಸರು ಬದಲಾಗುವುದೂ ಉಂಟು. ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿದ ಬಾಲಕನೊಬ್ಬ ನವಲಗುಂದ–ಶಿರಸಂಗಿ ದೇಸಗತಿಗೆ ದತ್ತುಹೋಗಿ ಲಿಂಗರಾಜ ದೇಸಾಯಿ ಆದನು. 1906ರಲ್ಲಿ ತೀರಿಕೊಳ್ಳುವ ಮುನ್ನ ತನ್ನ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬಿಟ್ಟುಕೊಟ್ಟನು. ಹೊಟ್ಟೆಯ ಮಕ್ಕಳಿಲ್ಲದ ಆ ಹೆಸರನ್ನು ಇಂದು ಸಾವಿರಾರು ವಿದ್ಯಾರ್ಥಿಗಳು ಗೌರವದಿಂದ ನೆನೆಯುತ್ತಾರೆ. ಹೆಸರನ್ನು ಉಳಿಸುವುದು ರಕ್ತವಲ್ಲ, ನಡೆ.

ಮಠದ ಹೆಸರುಗಳ ವಿಷಯದಲ್ಲಿಯೂ ಒಂದು ಮಾತು. ಒಂದೇ ಊರಿನಲ್ಲಿ ಎರಡು ಮಠಗಳಿದ್ದರೆ ಹಿರಿಯದು ಹಿರೇಮಠ, ಕಿರಿಯದು ಚಿಕ್ಕಮಠ. ಅವುಗಳ ಸೇವೆಗೆ ನಿಂತ ಮನೆಗಳಿಗೆ ಅದೇ ಹೆಸರು. ಹೀಗಾಗಿ ನೂರಾರು ಊರುಗಳಲ್ಲಿ ನೂರಾರು ಹಿರೇಮಠಗಳು, ಪರಸ್ಪರ ಸಂಬಂಧವಿಲ್ಲದ ಹಿರೇಮಠ ಮನೆತನಗಳು. ಆದರೆ ವಿರಕ್ತಾಶ್ರಮ ಸ್ವೀಕರಿಸಿದವರು ಮನೆಯ ಹೆಸರನ್ನು ಹೊಸ್ತಿಲಲ್ಲಿಯೇ ಬಿಟ್ಟು ಹೋಗುತ್ತಾರೆ. ಮುಂದೆ ಅವರನ್ನು ಗುರುತಿಸುವುದು ಪೀಠದಿಂದ, ಗುರುಪರಂಪರೆಯಿಂದ. ಈ ಪದ್ಧತಿ ನಮ್ಮ ನೆಲದಲ್ಲಿ ಬಹಳ ಹಳೆಯದು. ಮೊರಬದಲ್ಲಿ ದೊರೆತ ಪ್ರಾಚೀನ ಶಾಸನವೊಂದು ಯಾಪನೀಯ ಸಂಘದ ಜೈನಮುನಿಗಳನ್ನು ಸ್ಮರಿಸುತ್ತದೆ. ಅಲ್ಲಿಯೂ ಮುನಿಯ ಗುರುತು ಸಂಘದಿಂದ, ಗುರುವಿನಿಂದಲೇ ಹೊರತು ತಂದೆಯಿಂದಲ್ಲ.

ಕಸುಬಿನ ಹೆಸರುಗಳಿಗೆ ಬಂದಾಗ ನಮ್ಮ ಮನಸ್ಸು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ತಾನಾಗಿಯೇ ಹೋಗುತ್ತದೆ. ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ ಎಂಬ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿ. ಬಟ್ಟೆ ಒಗೆಯುವುದು, ತಾಂಬೂಲದ ಚೀಲ ಹಿಡಿಯುವುದು, ದೋಣಿ ನಡೆಸುವುದು, ಬಿದಿರು ಹೆಣೆಯುವುದು, ಹಗ್ಗ ಹೊಸೆಯುವುದು, ತೊಗಲು ಹದ ಮಾಡುವುದು, ಚೆಲ್ಲಿದ ಅಕ್ಕಿ ಆಯುವುದು, ಕದಿರು ತಿರುಗಿಸುವುದು, ಹೀಗೆ ದುಡಿಮೆಯೇ ಹೆಸರಿನ ಮುಂದೆ ಬಂದು ನಿಂತಿದೆ. ಲೋಕ ಯಾವುದನ್ನು ಹೀನವೆಂದು ಬಗೆದಿತ್ತೋ ಅದನ್ನೇ ಶರಣರು ಬಿರುದಿನಂತೆ ಧರಿಸಿದರು. ಇಂದು ಆ ಶರಣರ ಜಯಂತಿಗೆ ಹೂಮಾಲೆ ಹಾಕುವ ಕೈಗಳೇ ತಮ್ಮ ಮನೆಯ ಕಸುಬಿನ ಅಡ್ಡಹೆಸರನ್ನು ಅರ್ಜಿ ಬರೆದು ಬದಲಿಸಿಕೊಳ್ಳುತ್ತಿರುವುದನ್ನು ಕಂಡಾಗ ನೋವಾಗುತ್ತದೆ. ಅವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಹೆಣ್ಣು ನೋಡಲು ಬಂದವರು ಅಡ್ಡಹೆಸರು ಕೇಳಿ ಚಹಾ ಕುಡಿಯದೆ ಎದ್ದು ಹೋದರೆ, ಆ ಮನೆಯವರು ಮತ್ತೇನು ಮಾಡಬೇಕು? ತಪ್ಪು ಹೆಸರಿನಲ್ಲಿಲ್ಲ, ಕೇಳುವ ಕಿವಿಯಲ್ಲಿದೆ.

ಹೆಸರಿನ ಮೇಲೆ ಹೊರಗಿನ ಒತ್ತಡ ಬಿದ್ದರೆ ಏನಾಗುತ್ತದೆಂಬುದಕ್ಕೆ ಸೋದರಿ ನಿವೇದಿತಾ (1867–1911) ಹುಟ್ಟಿದ ಐರ್ಲೆಂಡ್ ದೇಶದ ಚರಿತ್ರೆಯಲ್ಲಿ ಒಂದು ಪಾಠವಿದೆ. ಐರಿಶ್ ಜನರ ಮನೆತನದ ಹೆಸರುಗಳು ಬಹುಮಟ್ಟಿಗೆ ನಮ್ಮ 'ಸಿದ್ದಪ್ಪನವರ' ಎಂಬ ಬಗೆಗೆ ಸೇರಿದವು. 'ಮ್ಯಾಕ್' ಎಂದರೆ ಮಗ, 'ಓ' ಎಂದರೆ ಮೊಮ್ಮಗ ಅಥವಾ ವಂಶಜ. 1014ರಲ್ಲಿ ಯುದ್ಧದಲ್ಲಿ ಮಡಿದ ಬ್ರಿಯನ್ ಎಂಬ ಅರಸನ ವಂಶದವರು ಓಬ್ರಿಯನ್‌ರು. ಕನ್ನಡದಲ್ಲಿ ಹೇಳುವುದಾದರೆ 'ಬ್ರಿಯನ್ನನವರ'. ಆ ದೇಶದ ಪೂರ್ವಭಾಗ ಆಂಗ್ಲರ ಕೈಯಲ್ಲಿದ್ದಾಗ, 1465ರಲ್ಲಿ ಒಂದು ಕಾಯಿದೆ ಬಂದಿತು. ಡಬ್ಲಿನ್ ಮತ್ತು ಸುತ್ತಲಿನ ಪ್ರದೇಶಗಳಲ್ಲಿ ಆಂಗ್ಲರ ನಡುವೆ ವಾಸಿಸುವ ಐರಿಶರು ಆಂಗ್ಲ ಅಡ್ಡಹೆಸರು ಧರಿಸಬೇಕು. ಅದು ಒಂದು ಪಟ್ಟಣದ ಹೆಸರಾಗಿರಲಿ, ಕಪ್ಪು-ಬಿಳುಪಿನಂಥ ಬಣ್ಣದ ಹೆಸರಾಗಿರಲಿ, ಕಮ್ಮಾರ-ಬಡಿಗರಂಥ ಕಸುಬಿನ ಹೆಸರಾಗಿರಲಿ, ಅಡುಗೆಯವನಂಥ ಉದ್ಯೋಗದ ಹೆಸರಾಗಿರಲಿ ಎಂಬುದು ಅದರ ಆಜ್ಞೆ. ನಮ್ಮ ಓಣಿಗಳಲ್ಲಿ ಜನರ ಬಾಯಿಯಿಂದ ತಾನಾಗಿ ಬೆಳೆದ ಬಗೆಗಳೇ ಅಲ್ಲಿ ರಾಜಾಜ್ಞೆಯಾಗಿ ಇಳಿದವು.

ಮುಂದಿನ ಶತಮಾನಗಳಲ್ಲಿ ಐರಿಶ್ ಭಾಷೆಯೇ ಹಿಂದೆ ಸರಿದಂತೆ ಎಷ್ಟೋ ಮನೆಗಳು 'ಓ', 'ಮ್ಯಾಕ್'ಗಳನ್ನು ಕಳಚಿಟ್ಟವು. ಕಮ್ಮಾರನ ಮಗ ಎಂಬ ಅರ್ಥದ ಐರಿಶ್ ಹೆಸರು ಆಂಗ್ಲರ 'ಸ್ಮಿತ್' ಆಯಿತು. 1893ರಲ್ಲಿ ಗೇಲಿಕ್ ಲೀಗ್ ಎಂಬ ಭಾಷಾಸಂಸ್ಥೆ ಸ್ಥಾಪನೆಯಾಗಿ, ತಮ್ಮ ನುಡಿಯ ಅಭಿಮಾನ ಮರಳಿದಾಗ ಅನೇಕರು ಬಿಟ್ಟಿದ್ದ 'ಓ'ವನ್ನು ಮತ್ತೆ ಹೆಸರಿಗೆ ಜೋಡಿಸಿಕೊಂಡರು. ಆದರೆ ಸ್ಮಿತ್ ಆದವರಲ್ಲಿ ಎಷ್ಟೋ ಜನರಿಗೆ ತಾವು ಆಂಗ್ಲರ ಸಂತಾನವೋ ಐರಿಶ್ ಕಮ್ಮಾರನ ಸಂತಾನವೋ ಎಂದು ಹೇಳುವುದು ಇಂದಿಗೂ ಕಷ್ಟ. ಹೆಸರಿನ ದಾರಿ ಒಮ್ಮೆ ಅಳಿಸಿಹೋದರೆ ಮತ್ತೆ ಹುಡುಕುವುದು ಸುಲಭವಲ್ಲ.

ಅವರಲ್ಲಿ ಅರ್ಥ ಉಳಿದು ಧ್ವನಿ ಹೋಯಿತು. ನಮ್ಮಲ್ಲಿ ಆಗುತ್ತಿರುವುದು ಇದರ ವಿಪರೀತ. ಧ್ವನಿಯನ್ನು ಹೇಗೋ ಉಳಿಸಿಕೊಂಡು ಅರ್ಥವನ್ನು ಕಳೆಯುತ್ತಿದ್ದೇವೆ. ಇಂಗ್ಲಿಷ್ ಅಕ್ಷರಗಳಲ್ಲಿ ಳಕಾರವಿಲ್ಲ, ಠಕಾರವಿಲ್ಲ. ಹಿರೇಮಠ ಎಂಬುದರ ಕೊನೆಯ ಭಾಗವನ್ನು ಗಣಿತವೆಂಬ ಅರ್ಥದ ಇಂಗ್ಲಿಷ್ ಮಾತಿನಂತೆ ಓದುವವರಿದ್ದಾರೆ. ಮೊರಬದ ಎಂಬುದನ್ನು ಆ ಅಕ್ಷರಗಳಲ್ಲಿ ಬರೆದರೆ ಅದು 'ಮೊರಾಬಾದ್' ಆಗಿ, ಮೊರಾದಾಬಾದಿನ ತಮ್ಮನಂತೆ ಕೇಳಿಸುತ್ತದೆ. ಕೊನೆಯ 'ದ' ಎಂಬುದು 'ಆ ಊರಿಗೆ ಸೇರಿದ' ಎಂದು ಹೇಳುವ ಕನ್ನಡದ ಪ್ರತ್ಯಯವೆಂದು ಯಾರಿಗೂ ಹೊಳೆಯುವುದಿಲ್ಲ. ಪರದೇಶದಲ್ಲಿ ಹುಟ್ಟಿದ ಮೊಮ್ಮಕ್ಕಳು ತಮ್ಮ ಹೆಸರನ್ನು ತಾವೇ ಹಾಗೆ ಉಚ್ಚರಿಸತೊಡಗಿದರೆ, ನವಲಗುಂದ ತಾಲೂಕಿನ ಎರೆಹೊಲದ ಆ ಊರು ಅವರ ಪಾಲಿಗೆ ಶಾಶ್ವತವಾಗಿ ಮುಚ್ಚಿಹೋದಂತೆ.

ಸಂಬಂಧ ಬೆಳೆಸುವ ಸಂದರ್ಭದಲ್ಲಿಯೂ ಅಡ್ಡಹೆಸರಿನ ವಿಚಾರವನ್ನು ವಿವೇಕದಿಂದ ಬಳಸಬೇಕು. ಒಂದೇ ಅಡ್ಡಹೆಸರು ಇದ್ದ ಮಾತ್ರಕ್ಕೆ ಒಂದೇ ಬಳ್ಳಿಯವರೆಂದು ತಿಳಿಯಬೇಕಾಗಿಲ್ಲ. ಮೊರಬದಿಂದ ಬೇರೆಬೇರೆ ಕಾಲಕ್ಕೆ ಹೊರಟ ಬೇರೆಬೇರೆ ಮನೆಗಳಿಗೆ ಹೊರಗಿನವರು ಒಂದೇ ಹೆಸರು ಇಟ್ಟಿರಬಹುದು. ಹಾಗೆಯೇ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನು ಊರಲ್ಲಿಯೇ ಉಳಿದು ಅಂಗಡಿ ಎನಿಸಿಕೊಂಡು, ಇನ್ನೊಬ್ಬನು ಹುಬ್ಬಳ್ಳಿ ಸೇರಿ ಮೊರಬದ ಎನಿಸಿಕೊಂಡಿರಲೂಬಹುದು. ನಿಜವಾದ ಸಂಬಂಧ ತಿಳಿಯಬೇಕಾದರೆ ಬೆಡಗು, ಬಗಿ, ಮನೆದೇವರು, ಹಿರಿಯರ ಗದ್ದಿಗೆ ಇವನ್ನು ಕೂಡಿಸಿ ವಿಚಾರಿಸಬೇಕು.

ಹೀಗೆ ವಿಚಾರಿಸಲು ನಮ್ಮ ನಾಡಿನಲ್ಲಿ ಒಂದು ಜೀವಂತ ಗ್ರಂಥಾಲಯವೇ ಇತ್ತು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಊರಿಂದೂರಿಗೆ ಬರು‍ವ ಹೆಳವರು ಮನೆಯ ಮುಂದೆ ನಿಂತು ಆ ಮನೆತನದ ವಂಶಾವಳಿಯನ್ನು ಹಾಡಿದಂತೆ ಹೇಳುತ್ತಿದ್ದರು. ಮೂಲಪುರುಷ ಯಾರು, ಯಾವ ಊರಿನಿಂದ ಬಂದನು, ಯಾವ ಬರದಲ್ಲಿ ಬಂದನು, ಎಷ್ಟು ಮಕ್ಕಳು, ಯಾರು ಯಾವ ಊರಿಗೆ ಹೋಗಿ ನೆಲೆಸಿದರು ಎಂಬುದೆಲ್ಲ ಅವರ ನಾಲಗೆಯ ಮೇಲೆ, ಅವರ ಹಳೆಯ ಹೊತ್ತಿಗೆಗಳಲ್ಲಿ. ಪ್ರತಿಯಾಗಿ ಅವರು ಪಡೆಯುತ್ತಿದ್ದುದು ಒಂದಿಷ್ಟು ಜೋಳ, ಒಂದು ಹಳೆಯ ಸೀರೆ, ಅನುಕೂಲವಿದ್ದ ಮನೆಯಲ್ಲಿ ಒಂದು ಕರು. ಇಂದಿಗೂ ಬರುವ ಹೆಳವರಿದ್ದಾರೆ. ಆದರೆ ಅವರ ಮಕ್ಕಳು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಅದು ಸಹಜವೂ ಹೌದು, ಸರಿಯೂ ಹೌದು. ಪಟ್ಟಣದ ಮನೆಗಳಿಗಂತೂ ಹೆಳವರು ಬರುವುದಿಲ್ಲ. ಬಂದರೂ ಕಾವಲುಗಾರ ಒಳಗೆ ಬಿಡುವುದಿಲ್ಲ.

ಈ ಕಾರಣದಿಂದ ನಮ್ಮ ಕುಟುಂಬಗಳಿಗೆ ಒಂದು ವಿನಂತಿ. ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಈ ಶ್ರಾವಣದೊಳಗಾಗಿ ಅವರ ಬಳಿ ಕುಳಿತುಕೊಳ್ಳಿ. ನಮ್ಮ ಅಡ್ಡಹೆಸರು ಹೇಗೆ ಬಂತು, ಯಾವ ಊರಿನಿಂದ ಬಂದೆವು, ಅದಕ್ಕೂ ಮೊದಲು ನಮಗೆ ಬೇರೆ ಹೆಸರಿತ್ತೆ, ನಮ್ಮ ಬೆಡಗು ಯಾವುದು, ಮನೆದೇವರು ಯಾವ ಊರಿನಲ್ಲಿ ಎಂದು ಕೇಳಿ ಒಂದು ವಹಿಯಲ್ಲಿ ಬರೆದಿಡಿ. ಅಜ್ಜಿಯ ತವರಿನ ಹೆಸರನ್ನೂ, ಅವಳ ತಾಯಿಯ ತವರಿನ ಹೆಸರನ್ನೂ ತಪ್ಪದೆ ಬರೆಯಿರಿ. ಹೆಣ್ಣುಮಕ್ಕಳು ಮದುವೆಯಾದೊಡನೆ ಹೆಸರು ಬದಲಿಸುವ ರೂಢಿಯಿಂದಾಗಿ ಅರ್ಧ ವಂಶವೃಕ್ಷವೇ ನಮ್ಮ ಕಣ್ಣಿಗೆ ಬೀಳದೆ ಹೋಗಿದೆ. ಆ ಮೇಲೆ ಮೂಲ ಊರಿನ ಶಾಲೆಯ ದಾಖಲಾತಿ ಪುಸ್ತಕ, ಹೊಲದ ಹಳೆಯ ಉತಾರ ಇವುಗಳನ್ನು ನೋಡಿ ಹೇಳಿಕೆಯನ್ನು ತಾಳೆಹಾಕಿ. ಹೆಳವರು ಬಂದರೆ ಗೌರವದಿಂದ ಕೂರಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ ಇಲ್ಲವೆ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ.

ಮೊರಬದ ಎಂಬ ಅಡ್ಡಹೆಸರಿನ ಮನೆಯವರು ಒಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಮೊರಬಕ್ಕೆ ಹೋಗಿಬರಲಿ. ಹಿಂಗಾರಿ ಬೆಳೆ ನಿಂತ ಕಾಲ ಅದಕ್ಕೆ ಯೋಗ್ಯವಾದದ್ದು. ಅಲ್ಲಿ ಅವರ ಹಿರಿಯರ ಮನೆ ಉಳಿದಿರಲಾರದು, ಹೊಲ ಯಾರದೋ ಆಗಿರಬಹುದು. ಆದರೂ ಬರ ಅಟ್ಟಿದ ಒಂದು ಕುಟುಂಬ ಬೇರೆ ಊರಿನಲ್ಲಿ ಕಾಲೂರಿದಾಗ ಆ ಊರಿನವರು ಅವರನ್ನು 'ಎಲ್ಲಿಯವರೋ' ಎನ್ನದೆ 'ಮೊರಬದವರು' ಎಂದು ಕರೆದು ಒಂದು ಗುರುತು ಕೊಟ್ಟರು ಎಂಬ ಸಂಗತಿಯನ್ನು ಆ ನೆಲದ ಮೇಲೆ ನಿಂತು ಮಕ್ಕಳಿಗೆ ಹೇಳಬೇಕು. ಹಾಗೆ ಹೇಳಿಸಿಕೊಂಡ ಮಕ್ಕಳು ನಾಳೆ ತಮ್ಮ ಓಣಿಗೆ ಹೊಸದಾಗಿ ಬಂದ ಬಡ ಕುಟುಂಬವೊಂದನ್ನು ಕಂಡಾಗ ಅಡ್ಡಹೆಸರು ಕೇಳಿ ಮುಖ ತಿರುಗಿಸಲಾರರು.